ಏಡಿಯನ್ನು ನಾದಬೇಡ, ಪುಟ್ಟಿ

ಮೆಟರಿ, ಲೂಯಿಸಿಯಾನ
ಶನಿವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನೆ ನೀನು ಕಳಿಸಿದ ಫೋಟೋ ನೋಡಿದೆ. ಬಾಣಲೆಯಲ್ಲಿ ಇದ್ದದ್ದು ಬಿಲ್ಲೆಯಾಗಿ ನಿಲ್ಲುವ ಏಡಿ ಕೇಕ್ ಅಲ್ಲ, ಪುಡಿಪುಡಿಯಾದ ಏಡಿ ಉಪ್ಪಿಟ್ಟು. ಅಮ್ಮ ನೋಡಿ ನಕ್ಕಳು. ನಾನು ನಗಲಿಲ್ಲ, ಸ್ವಲ್ಪ ಮಾತ್ರ. "ಅಪ್ಪಾ, ಎರಡು ಲೈನಲ್ಲಿ ರೆಸಿಪಿ ಹಾಕು" ಅಂತ ಕೇಳಿದ್ದೀಯ. ಎರಡು ಲೈನಲ್ಲಿ ಹಾಕಿದರೆ ಮತ್ತೆ ಉಪ್ಪಿಟ್ಟೇ ಆಗುತ್ತದೆ. ಅದಕ್ಕೇ ಈ ಕಾಗದ. ಕನ್ನಡದಲ್ಲೇ ಬರೆದಿದ್ದೇನೆ. ನಿಧಾನಕ್ಕೆ ಓದು, ಏಡಿ ಅಷ್ಟರಲ್ಲಿ ಓಡಿಹೋಗುವುದಿಲ್ಲ.

ನನ್ನ ಮೊದಲ ಸಲದ ಕಥೆ ನಿನಗೆ ಹೇಳಿಲ್ಲ. ಆಗ ನೀನಿನ್ನೂ ಹುಟ್ಟಿರಲಿಲ್ಲ. ಹೊನ್ನಾವರದಲ್ಲಿ ಶರಾವತಿ ಅಳಿವೆಯ ಏಡಿ ತಿಂದು ಬೆಳೆದವನು ನಾನು, ನನಗೆ ಯಾರು ಹೇಳಿಕೊಡಬೇಕು ಅನ್ನುವ ಸೊಕ್ಕು. ಏಡಿ ಮಾಂಸಕ್ಕೆ ಹಸಿಮೆಣಸು, ಶುಂಠಿ, ಗರಂ ಮಸಾಲೆ ಹಾಕಿ, ಚಪಾತಿ ಹಿಟ್ಟಿನ ಹಾಗೆ ಚೆನ್ನಾಗಿ ನಾದಿ, ವಡೆ ತಟ್ಟಿದ ಹಾಗೆ ತಟ್ಟಿ ಕರಿದೆ. ಪಕ್ಕದ ಮನೆಯಲ್ಲಿ ಕ್ರಿಯೋಲ್ ಅಜ್ಜಿ, ಅಂದರೆ ಲೂಯಿಸಿಯಾನದ ಹಳೆಯ ಮಿಶ್ರ ಸಂಸ್ಕೃತಿಯವರು, ಅವರಿಗೆ ಒಂದು ತಟ್ಟೆ ಕೊಟ್ಟು ಬಂದೆ. ಅವರು ಒಂದು ತುಂಡು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದು, "ಚೆನ್ನಾಗಿದೆ ಮಗಾ, ಏಡಿ ಎಲ್ಲಿ?" ಅಂದರು. ಮುಂದಿನ ಶುಕ್ರವಾರ ನನ್ನನ್ನು ಅವರ ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡರು. ಕೈಯನ್ನು ಹಿಂದೆ ಕಟ್ಟಿಕೋ, ಸುಮ್ನೆ ನೋಡು ಅಂದರು. ನಾನು ಕಲಿತದ್ದೆಲ್ಲ ಅಲ್ಲೇ.

ಏಡಿಯಿಂದಲೇ ಶುರು ಮಾಡುತ್ತೇನೆ. ಇಲ್ಲಿಯ ನೀಲಿ ಏಡಿ ಪಾಂಚಟ್ರೇನ್ ಸರೋವರದಲ್ಲಿ ಸಿಗುತ್ತದೆ. ಹೆಸರಿಗೆ ಸರೋವರ, ನಿಜವಾಗಿ ಅದೊಂದು ದೊಡ್ಡ ಅಳಿವೆ. ಸಿಹಿನೀರು, ಉಪ್ಪುನೀರು ಎರಡೂ ಬೆರೆಯುತ್ತವೆ. ನಾವಿಬ್ಬರೂ ಕೋಳಿ ಕತ್ತನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು ಕೂರುತ್ತಿದ್ದೆವಲ್ಲ, ನೆನಪಿದೆಯಾ? ದಾರ ಬಿಗಿಯಾದ ತಕ್ಷಣ ಜಗ್ಗಿ ಬಿಡುತ್ತಿದ್ದೆ ನೀನು, ಏಡಿ ಕೈಬಿಟ್ಟು ಹೋಗುತ್ತಿತ್ತು. ಹೆಣ್ಣು ಏಡಿಯ ಕಚ್ಚುವ ಕಾಲಿನ ತುದಿ ಕೆಂಪಗಿರುವುದನ್ನು ನೋಡಿ "ನೇಲ್ ಪಾಲಿಶ್ ಹಾಕಿಕೊಂಡಿದೆ" ಅಂದಿದ್ದೆ ನೀನು. ಇಲ್ಲಿಯ ಹಳಬರೂ ಹಾಗೇ ಹೇಳುತ್ತಾರೆ ಅಂತ ನನಗೆ ಆಮೇಲೆ ಗೊತ್ತಾಯಿತು.

ಮಿನಿಯಾಪೊಲಿಸ್‌ನಲ್ಲಿ ಅದೆಲ್ಲ ಇಲ್ಲ. ಮಿಸಿಸಿಪ್ಪಿ ನಿಮ್ಮೂರು ದಾಟಿಯೇ ನಮ್ಮೂರಿಗೆ ಬರುತ್ತದೆ, ಆದರೆ ಏಡಿ ಎದುರು ಈಜಿಕೊಂಡು ಅಲ್ಲಿಯವರೆಗೆ ಬರುವುದಿಲ್ಲ. ನಿನಗೆ ಸಿಗುವುದು ಅಂಗಡಿಯ ಫ್ರಿಜ್‌ನಲ್ಲಿಟ್ಟ ಒಂದು ಪೌಂಡಿನ ಡಬ್ಬ. 454 ಗ್ರಾಂ. ಡಬ್ಬದ ಮೇಲೆ "ಲಂಪ್" ಅಂತ ಇರಬೇಕು. ಏಡಿಯ ಹಿಂದಿನ ಈಜುಗಾಲನ್ನು ಆಡಿಸುವ ದಪ್ಪ ಮಾಂಸ ಇದೆಯಲ್ಲ, ಅದರ ಕಡೆಯದು. "ಕ್ಲಾ" ಅಂತ ಇರುವುದು ಕಚ್ಚುವ ಕಾಲಿನದು, ಬಣ್ಣ ಕಂದು, ರುಚಿ ಜೋರು, ಬೆಲೆ ಕಡಿಮೆ. ಅರ್ಧರ್ಧ ಬೆರೆಸಿದರೂ ಪರವಾಗಿಲ್ಲ. ಡಬ್ಬ ತಿರುಗಿಸಿ ಎಲ್ಲಿಯದು ಅಂತ ನೋಡು. ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಅಂತ ಇದ್ದರೆ ಅದು ಬೇರೆ ಜಾತಿಯ ನೀಲಿ ಏಡಿ. ನಮ್ಮ ಅರಬ್ಬಿ ಸಮುದ್ರದಲ್ಲೂ ಇರುವಂಥದ್ದು. ನನಗೇನೂ ಬೇಜಾರಿಲ್ಲ, ಪಕ್ಕದ ಮನೆ ಅಜ್ಜಿ ಇದ್ದಿದ್ದರೆ ಮುಖ ಸಿಂಡರಿಸುತ್ತಿದ್ದರು.

ಮಾಂಸವನ್ನು ಅಗಲ ತಟ್ಟೆಗೆ ಸುರಿದು, ಬೆರಳ ತುದಿಯಲ್ಲಿ ಚಿಪ್ಪಿನ ಚೂರು ಹುಡುಕು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಆದರೆ ಅಷ್ಟು ಜೋರಾಗಿ ಅಲ್ಲ. ಉಂಡೆ ಒಡೆಯಬಾರದು. ನೀರಿದ್ದರೆ ಬಸಿದುಬಿಡು. ನಿನ್ನ ಕೇಕ್ ಕುಸಿಯಲು ಅರ್ಧ ಕಾರಣ ಈ ನೀರೇ ಇರಬೇಕು.

ಇನ್ನು ಕ್ರಿಯೋಲ್ ರುಚಿ ಅನ್ನುವುದು ಎಲ್ಲಿಂದ ಬರುತ್ತದೆ ಅಂದರೆ ಮೂರು ತರಕಾರಿಯಿಂದ: ಈರುಳ್ಳಿ, ಸೆಲರಿ, ದೊಣ್ಣೆ ಮೆಣಸಿನಕಾಯಿ. ಇಲ್ಲಿಯವರು ಅದನ್ನು "ಟ್ರಿನಿಟಿ", ಅಂದರೆ ಕ್ರೈಸ್ತರ ತ್ರಿತ್ವ, ಅನ್ನುತ್ತಾರೆ, ಕ್ಯಾಥೊಲಿಕ್ ಊರಲ್ಲವಾ. ಫ್ರೆಂಚರು ಈರುಳ್ಳಿ, ಸೆಲರಿ ಜೊತೆ ಕ್ಯಾರೆಟ್ ಹಾಕುತ್ತಾರೆ. ಇಲ್ಲಿ ಕ್ಯಾರೆಟ್ ಜಾಗಕ್ಕೆ ಮೆಣಸಿನಕಾಯಿ ಬಂತು. ನಮ್ಮ ಪಕ್ಕದ ನ್ಯೂ ಆರ್ಲಿಯನ್ಸ್ ಅಡುಗೆಯೇ ಹಾಗೆ. ಫ್ರೆಂಚರು, ಸ್ಪ್ಯಾನಿಶರು, ಆಫ್ರಿಕಾದಿಂದ ಗುಲಾಮರಾಗಿ ಬಂದವರು, ಇಲ್ಲಿಯ ಮೂಲದ ಜನ, ಎಲ್ಲರ ಕೈಯೂ ಒಂದೇ ಪಾತ್ರೆಯಲ್ಲಿ ಆಡಿದೆ. ನೀನು ಇದನ್ನು ನಿನ್ನ ಗೆಳತಿಗೆ "ಕೇಜನ್" ಅಂತ ಹೇಳಿದ್ದು ನನಗೆ ಕೇಳಿಸಿತು. ಕೇಜನ್ ಬೇರೆ. 1755ರಿಂದ ಬ್ರಿಟಿಷರು ನೋವಾ ಸ್ಕೋಶಿಯಾದ ಕಡೆಯಿಂದ ಹೊರಹಾಕಿದ ಅಕೇಡಿಯನ್ನರ ಹಳ್ಳಿ ಅಡುಗೆ ಅದು. ಇದು ಪೇಟೆಯದು. ಈಗ ಎರಡೂ ಬೆರೆತುಹೋಗಿವೆ ಅನ್ನುವವರೂ ಇದ್ದಾರೆ. ಅಜ್ಜಿಯ ಮುಂದೆ ಮಾತ್ರ ಹಾಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಅರ್ಧ ಈರುಳ್ಳಿ, ಒಂದು ಸೆಲರಿ ದಂಟು, ಕಾಲು ದೊಣ್ಣೆ ಮೆಣಸಿನಕಾಯಿ. ಕೋಸಂಬರಿಗಿಂತ ಸಣ್ಣಗೆ ಹೆಚ್ಚು. ಎರಡು ಚಮಚ ಬೆಣ್ಣೆಯಲ್ಲಿ ಮೆತ್ತಗಾಗುವವರೆಗೆ ಬಾಡಿಸು, ಕೊನೆಗೆ ಎರಡು ಎಸಳು ಬೆಳ್ಳುಳ್ಳಿ. ಆಮೇಲೆ ಒಲೆ ಆರಿಸಿ ಪೂರ್ತಿ ತಣ್ಣಗಾಗಲು ಬಿಡು. ಬಿಸಿಬಿಸಿ ಹಾಕಿದರೆ ಮೊಟ್ಟೆ ಅಲ್ಲೇ ಬೇಯುತ್ತದೆ.

ಬೇರೆ ಬಟ್ಟಲಲ್ಲಿ ಒಂದು ಮೊಟ್ಟೆ, ಕಾಲು ಕಪ್ ಮಯೋನೀಸ್, ಒಂದು ದೊಡ್ಡ ಚಮಚ ಕ್ರಿಯೋಲ್ ಸಾಸಿವೆ, ಅರ್ಧ ನಿಂಬೆಯ ರಸ, ನಾಲ್ಕು ಹನಿ ಟಬಾಸ್ಕೊ ಖಾರದ ಸಾಸ್. ಕ್ರಿಯೋಲ್ ಸಾಸಿವೆ ಅಂದರೆ ಕಾಳು ಕಾಣುವ ಹಾಗೆ ತರಿತರಿಯಾಗಿ ವಿನೆಗರ್‌ನಲ್ಲಿ ಕಲಸಿದ್ದು. 1889ರಿಂದ ಇರುವ ಝಟರೇನ್ಸ್‌ನವರದ್ದು ಅಲ್ಲೂ ಸಿಗಬಹುದು, ಸಿಗದಿದ್ದರೆ ಕಾಳಿರುವ ಯಾವುದಾದರೂ ನಡೆಯುತ್ತದೆ. ಹಳದಿ ಹಾಟ್‌ಡಾಗ್ ಸಾಸಿವೆ ಮಾತ್ರ ಬೇಡ. ಇದಕ್ಕೆ ಒಂದು ಸಣ್ಣ ಚಮಚ ಕ್ರಿಯೋಲ್ ಮಸಾಲೆ. ಆ ಹಸಿರು ಡಬ್ಬದಲ್ಲಿ ಮೊದಲ ಸಾಮಾನೇ ಉಪ್ಪು, ಬೇರೆ ಉಪ್ಪು ಹಾಕಬೇಡ. ನಿನ್ನದು ಉಪ್ಪು ಜಾಸ್ತಿ ಆಯಿತು ಅಂದೆಯಲ್ಲ, ಅದಕ್ಕೇ. ಹೆಚ್ಚಿದ ಈರುಳ್ಳಿ ಹೂವು, ಪಾರ್ಸ್ಲಿ, ತಣ್ಣಗಾದ ತರಕಾರಿ ಎಲ್ಲ ಸೇರಿಸು. ಬ್ರೆಡ್ ಪುಡಿ ಅರ್ಧ ಕಪ್, ಅದಕ್ಕಿಂತ ಜಾಸ್ತಿ ಬೇಡ. ನಿನ್ನೆಯ ಬ್ರೆಡ್ ಒಣಗಿಸಿ ನೀನೇ ಪುಡಿ ಮಾಡಿಕೋ.

ಏಡಿ ಕೊನೆಗೆ. ನಾದಬೇಡ. ಎರಡೂ ಕೈ ಕೆಳಗಿನಿಂದ ತಂದು ಮೇಲೆತ್ತು, ಬಿಡು. ಐದಾರು ಸಲ ಸಾಕು. ಇದು ಹಿಡಿಯುವುದಿಲ್ಲ, ಇನ್ನೊಂದು ಹಿಡಿ ಬ್ರೆಡ್ ಹಾಕೋಣ ಅಂತ ಕೈ ತುರಿಸುತ್ತದೆ. ನನಗೆ ಇವತ್ತಿಗೂ ತುರಿಸುತ್ತದೆ. ಹಾಕಬೇಡ. ಎಂಟು ಬಿಲ್ಲೆ ಮಾಡಿ ತಟ್ಟೆಯಲ್ಲಿಟ್ಟು ಒಂದು ಗಂಟೆ ಫ್ರಿಜ್‌ನಲ್ಲಿಡು. ಹಿಡಿದು ನಿಲ್ಲಿಸುವುದು ಆ ತಂಪು, ಬ್ರೆಡ್ ಅಲ್ಲ. ಫೋಟೋ ನೋಡಿದರೆ ಗೊತ್ತಾಗುತ್ತದೆ, ನೀನು ಈ ಒಂದು ಗಂಟೆಯನ್ನು ನುಂಗಿಹಾಕಿದ್ದೀಯ.

ನಾನು ಕೊಟ್ಟ ಕಬ್ಬಿಣದ ಬಾಣಲೆ ತೆಗೆ. ಅಮ್ಮ ಕೊಟ್ಟ ದೋಸೆ ಕಾವಲಿ ಮುಟ್ಟಬೇಡ, ಮುಟ್ಟಿದರೂ ನನಗೆ ಹೇಳಬೇಡ. ಸ್ವಲ್ಪ ಎಣ್ಣೆ, ಸ್ವಲ್ಪ ಬೆಣ್ಣೆ, ಮಧ್ಯಮ ಉರಿ. ಒಂದು ಸಲಕ್ಕೆ ನಾಲ್ಕೇ. ಒಂದು ಬದಿ ಮೂರು ನಾಲ್ಕು ನಿಮಿಷ ಮುಟ್ಟಲೇಬೇಡ. ಅಂಚು ಕಂದು ಆಗಿ, ಬಾಣಲೆ ಅಲುಗಾಡಿಸಿದರೆ ಬಿಲ್ಲೆ ತಾನಾಗಿ ಜಾರುತ್ತದೆ. ಆಗ ಅಗಲ ಸಟ್ಟುಗ ಪೂರ್ತಿ ಒಳಗೆ ತಳ್ಳಿ, ಇನ್ನೊಂದು ಕೈಯ ಚಮಚ ಮೇಲೆ ಆನಿಸಿ, ಮೆಲ್ಲಗೆ ಮಗುಚು.

ಜೊತೆಗೆ ನೆಂಚಿಕೊಳ್ಳುವ ಸಾಸ್, ರೆಮುಲಾಡ್, ಸುಲಭ. ಮಯೋನೀಸ್‌ಗೆ ಅದೇ ಸಾಸಿವೆ, ಪ್ಯಾಪ್ರಿಕಾ, ಹಾರ್ಸ್‌ರ‍್ಯಾಡಿಶ್, ಸಣ್ಣಗೆ ಹೆಚ್ಚಿದ ಉಪ್ಪಿನ ಸೌತೆ, ನಿಂಬೆ. ಬಣ್ಣ ಕೆಂಪಾಗಿರಬೇಕು. ಅಮ್ಮ ಅದನ್ನು ನೀರುದೋಸೆಗೆ ಹಚ್ಚಿಕೊಂಡು ತಿನ್ನುತ್ತಾಳೆ, ಏಡಿ ಇದ್ದ ತಟ್ಟೆಯಿಂದ ಮೂರಡಿ ದೂರ ಕೂತು.

ಮಗುಚುವ ಮೊದಲು ವಿಡಿಯೋ ಕಾಲ್ ಮಾಡು. ಭಾನುವಾರ ಆದರೆ ಒಳ್ಳೆಯದು. ಅಮ್ಮನೂ ನೋಡುತ್ತಾಳಂತೆ, ಮೂಗು ಮುಚ್ಚಿಕೊಂಡು. ಫೋನಿನಲ್ಲಿ ವಾಸನೆ ಬರುವುದಿಲ್ಲ ಅಂದರೆ ಕೇಳುತ್ತಿಲ್ಲ.

ನಿನ್ನ
ಅಪ್ಪ