15 ಕಿಲೋಹರ್ಟ್ಸ್ ಕನ್ವರ್ಟರ್‌ನಲ್ಲಿನ ದೋಷದ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ತಮ್ಮ ಸಂಸ್ಥೆಯ ಆರ್‌ಜಿಬಿ–ಎಚ್‌ಡಿಎಂಐ ಕನ್ವರ್ಟರನ್ನು (ಹಳೆಯ ಕಂಪ್ಯೂಟರಿನ ಕೆಂಪು-ಹಸಿರು-ನೀಲಿ ಚಿತ್ರಸಂಕೇತವನ್ನು ಈಗಿನ ಪರದೆಗಳ ಎಚ್‌ಡಿಎಂಐ ಸಂಕೇತವಾಗಿ ಬದಲಿಸುವ ಸಾಧನ) ಕಳೆದ ತಿಂಗಳು ಕೊಂಡು ನನ್ನ ಅಮಿಗಾ 500 ಕಂಪ್ಯೂಟರಿಗೆ ಜೋಡಿಸಿದ್ದೇನೆ. 1987ರಲ್ಲಿ ಮಾರುಕಟ್ಟೆಗೆ ಬಂದ ಈ ಮಾದರಿಯ ನನ್ನ ಯಂತ್ರ ಸೆಕೆಂಡಿಗೆ ಸುಮಾರು 15,625 ಗೆರೆಗಳನ್ನೂ (ಇದನ್ನೇ 15 ಕಿಲೋಹರ್ಟ್ಸ್ ಎನ್ನುವುದು) 50 ಚಿತ್ರಗಳನ್ನೂ ಕಳಿಸುತ್ತದೆ. ಈಗಿನ ಬಹುತೇಕ ಮಾನಿಟರುಗಳ ವಿಜಿಎ ಕಿಂಡಿ ಸೆಕೆಂಡಿಗೆ ಕನಿಷ್ಠ ಇದರ ಎರಡರಷ್ಟು ಗೆರೆಗಳನ್ನು ನಿರೀಕ್ಷಿಸುವುದರಿಂದ ನೇರವಾಗಿ ಜೋಡಿಸಿದರೆ ಚಿತ್ರವೇ ಮೂಡುವುದಿಲ್ಲ. "15 ಕಿಲೋಹರ್ಟ್ಸ್‌ನ ಎಲ್ಲ ಹಳೆಯ ಕಂಪ್ಯೂಟರುಗಳಿಗೂ ಸೂಕ್ತ" ಎಂದು ತಮ್ಮ ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಮಾತನ್ನು ನಂಬಿಯೇ ನಾನು ಈ ಸಾಧನವನ್ನು ಆರಿಸಿಕೊಂಡೆ.

ಚಿತ್ರವೇನೋ ಬರುತ್ತದೆ, ಆದರೆ ಅದನ್ನು ನೋಡುತ್ತ ಕೂರಲಾಗುವುದಿಲ್ಲ. ಮೌಸ್ ಸರಿಸಿದಾಗಲೆಲ್ಲ ಬಾಣದ ಗುರುತಿನ ಅಂಚು ಬಾಚಣಿಗೆಯ ಹಲ್ಲುಗಳಂತೆ ಸೀಳಿಕೊಳ್ಳುತ್ತದೆ. ಕಂಪ್ಯೂಟರ್ ಪ್ರತಿ ಬಾರಿಯೂ 256 ಗೆರೆಗಳ ಪೂರ್ಣ ಚಿತ್ರವನ್ನೇ ಕಳಿಸುತ್ತಿದ್ದರೂ ತಮ್ಮ ಸಾಧನ ಅದನ್ನು ಟಿವಿಯ ಇಂಟರ್‌ಲೇಸ್ ಸಂಕೇತವೆಂದು (ಬೆಸ ಮತ್ತು ಸರಿ ಸಂಖ್ಯೆಯ ಗೆರೆಗಳನ್ನು ಸರದಿಯಂತೆ ಎರಡು ಕಂತುಗಳಲ್ಲಿ ಕಳಿಸುವ ಸಂಕೇತ) ಭಾವಿಸಿ, ಬೇರೆ ಬೇರೆ ಕ್ಷಣಗಳ ಎರಡು ಚಿತ್ರಗಳನ್ನು ಒಂದರೊಳಗೊಂದು ಹೆಣೆಯುತ್ತಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಜೊತೆಗೆ, 50 ಚಿತ್ರಗಳನ್ನು 60 ಮಾಡಲು ಪ್ರತಿ ಸೆಕೆಂಡಿಗೆ ಹತ್ತನ್ನು ಎರಡೆರಡು ಬಾರಿ ತೋರಿಸುತ್ತಿರುವುದರಿಂದ, ನಯವಾಗಿ ಸರಿಯಬೇಕಾದ ದೃಶ್ಯ ತಡೆತಡೆದು ಸಾಗುತ್ತದೆ. ಒಂದೊಂದು ಚುಕ್ಕೆಯನ್ನೂ ಕೈಯಾರೆ ಇಟ್ಟು ನಾನು ಬಿಡಿಸಿದ ಚಿತ್ರಗಳು ಈ ಕಂಪ್ಯೂಟರಿನ ಡಿಸ್ಕುಗಳಲ್ಲಿವೆ. ಅವುಗಳನ್ನು ಹೀಗೆ ಕಲಸಿಹೋದ ಸ್ಥಿತಿಯಲ್ಲಿ ನೋಡುವುದು ನನಗೆ ನೋವಿನ ಸಂಗತಿ.

ತಮ್ಮ ಸಿಬ್ಬಂದಿ ಮೊದಲು ಕೇಬಲ್ ಬದಲಿಸಲು ಹೇಳಿದರು, ಬದಲಿಸಿದೆ. ಆಮೇಲೆ ಕಾಂಪೋಸಿಟ್ ಕಿಂಡಿಯನ್ನು (ಇಡೀ ಚಿತ್ರವನ್ನು ಒಂದೇ ತಂತಿಯಲ್ಲಿ ಕಳಿಸುವ ಕಿಂಡಿ) ಬಳಸಲು ಸೂಚಿಸಿದರು. ಅಮಿಗಾ 500ರ ಆ ಕಿಂಡಿಯಿಂದ ಕಪ್ಪು-ಬಿಳುಪು ಚಿತ್ರ ಮಾತ್ರ ಬರುತ್ತದೆ ಎಂಬುದನ್ನು, ಹಳೆಯ ಕಂಪ್ಯೂಟರುಗಳಿಗೆಂದೇ ಸಾಧನ ಮಾರುವವರು ತಿಳಿದಿರಬೇಕಿತ್ತು. ಇದೇ ಕಂಪ್ಯೂಟರನ್ನು ಹಳೆಯ ಪಿಕ್ಚರ್ ಟ್ಯೂಬ್ ಟಿವಿಯ, ಕೆಂಪು-ಹಸಿರು-ನೀಲಿ ಸಂಕೇತವನ್ನು ನೇರವಾಗಿ ಪಡೆಯುವ ಸ್ಕಾರ್ಟ್ ಕಿಂಡಿಗೆ ಜೋಡಿಸಿದಾಗ ಚಿತ್ರ ನಿಚ್ಚಳವಾಗಿ ಮೂಡಿತು. ಆದ್ದರಿಂದ ದೋಷ ನನ್ನ ಯಂತ್ರದ್ದಲ್ಲ.

ಇಂಟರ್‌ಲೇಸ್ ಸಂಸ್ಕರಣೆಯನ್ನು ಬಳಕೆದಾರರೇ ನಿಲ್ಲಿಸಲು ಮತ್ತು 50 ಹರ್ಟ್ಸ್‌ನಲ್ಲೇ ಚಿತ್ರವನ್ನು ಹೊರಗೆ ಕಳಿಸಲು ಅವಕಾಶವಿರುವ, ಸಾಧನದೊಳಗಿನ ತಂತ್ರಾಂಶವಾದ ಫರ್ಮ್‌ವೇರನ್ನು ಒದಗಿಸಬೇಕೆಂದು ಕೋರುತ್ತೇನೆ. ಅದು ಸಾಧ್ಯವಿಲ್ಲವಾದರೆ, ಈ ಪತ್ರ ತಲುಪಿದ 15 ದಿನಗಳೊಳಗೆ ಸಾಧನವನ್ನು ಹಿಂಪಡೆದು ಪೂರ್ಣ ಹಣವನ್ನು ಮರಳಿಸಬೇಕು, ಪೆಟ್ಟಿಗೆಯ ಮೇಲಿನ "ಎಲ್ಲ" ಎಂಬ ಪದವನ್ನೂ ತೆಗೆಯಬೇಕು. ಖರೀದಿಯ ರಸೀದಿಯ ಪ್ರತಿಯನ್ನೂ ಪರದೆಯ ಎರಡು ಛಾಯಾಚಿತ್ರಗಳನ್ನೂ ಲಗತ್ತಿಸಿದ್ದೇನೆ.

ಇಂತಿ,
ತಮ್ಮ ಗ್ರಾಹಕ