ಕೋಡ್ ಓದುವುದನ್ನೂ ಕಲಿಸೋಣ

ಮಾನ್ಯ ಸಂಪಾದಕರೇ,

ಪ್ರೋಗ್ರಾಮಿಂಗ್ ಶಿಕ್ಷಣದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರುವ ಲೇಖನಗಳನ್ನು ನಾನು ತಪ್ಪದೆ ಓದುತ್ತೇನೆ. ಕೋಡ್ ಬರೆಯುವುದು ಹೇಗೆ ಎಂಬ ಚರ್ಚೆ ಅವುಗಳಲ್ಲಿ ಸಾಕಷ್ಟಿರುತ್ತದೆ. ಬೇರೆಯವರು ಬರೆದಿಟ್ಟ ಕೋಡನ್ನು ಓದುವುದು ಹೇಗೆ ಎಂಬ ವಿಚಾರ ಮಾತ್ರ ಕಾಣುವುದಿಲ್ಲ. ಆದರೆ ಕೆಲಸಕ್ಕೆ ಸೇರಿದವರಿಗೆ ಮೊದಲು ಎದುರಾಗುವುದು ಈ ಓದೇ. ಲಕ್ಷಾಂತರ ಸಾಲುಗಳ ಸೋರ್ಸ್ ಕೋಡ್‌ನಲ್ಲಿ ಒಂದು ಹೆಸರು, ಅಂದರೆ ಒಂದು ಐಡೆಂಟಿಫೈಯರ್, ಎಲ್ಲಿ ಹುಟ್ಟಿತು, ಅದನ್ನು ಯಾವ ಫಂಕ್ಷನ್ (ಒಂದು ಕೆಲಸಕ್ಕೆಂದು ಹೆಸರಿಟ್ಟ ಕೋಡಿನ ತುಣುಕು) ಬಳಸುತ್ತದೆ, ಯಾವುದು ಬದಲಾಯಿಸುತ್ತದೆ ಎಂದು ಹುಡುಕಿಕೊಡಲೆಂದೇ ರೂಪಿಸಿದ ಕಮಾಂಡ್ ಲೈನ್ ಸಾಧನಗಳಿವೆ. ಅವುಗಳಿಗೆ ಪಾಠದಲ್ಲಿ ಜಾಗ ಸಿಗಬೇಕೆಂಬುದು ನನ್ನ ಕೋರಿಕೆ.

ಹುಡುಕಲು, ಕಡತಗಳಲ್ಲಿ ಪಠ್ಯ ಹುಡುಕುವ ಗ್ರೆಪ್ ಸಾಲದೇ ಎಂದು ಕೇಳುವವರಿದ್ದಾರೆ. 1970ರ ದಶಕದಲ್ಲಿ ಕೆನ್ ಥಾಂಪ್ಸನ್ ಯುನಿಕ್ಸ್‌ಗಾಗಿ ಬರೆದ ಆ ಸಾಧನದ ಮೇಲೆ ನನಗೆ ಅಪಾರ ಗೌರವವಿದೆ, ದಿನವೂ ಬಳಸುತ್ತೇನೆ. ಆದರೆ ಗ್ರೆಪ್ ನೋಡುವುದು ಅಕ್ಷರಗಳನ್ನು, ಹೆಸರುಗಳನ್ನಲ್ಲ. ‘ಪೋರ್ಟ್’ ಎಂಬ ವೇರಿಯಬಲ್ (ಬೆಲೆಯೊಂದನ್ನು ಹಿಡಿದಿಡುವ ಹೆಸರು) ಹುಡುಕಿದರೆ ರಿಪೋರ್ಟ್, ಇಂಪೋರ್ಟ್, ಸಪೋರ್ಟ್‌ಗಳೆಲ್ಲ ಜೊತೆಗೆ ಬರುತ್ತವೆ. ಪೂರ್ಣ ಪದವನ್ನಷ್ಟೇ ಹುಡುಕು ಎಂದು ಆಯ್ಕೆ ಕೊಟ್ಟರೂ ಕಾಮೆಂಟಿನಲ್ಲಿ, ಅಂದರೆ ಓದುವವರಿಗಾಗಿ ಬರೆದ ಟಿಪ್ಪಣಿಯಲ್ಲಿರುವ ‘ಪೋರ್ಟ್’, ಬಳಕೆದಾರರಿಗೆ ತೋರಿಸುವ ಸಂದೇಶದಲ್ಲಿರುವ ‘ಪೋರ್ಟ್’ ಉಳಿದೇ ಉಳಿಯುತ್ತವೆ.

ಇದರಿಂದ ಆಗುವ ನಷ್ಟವನ್ನು ನಾನೇ ಅನುಭವಿಸಿದ್ದೇನೆ. ಕೆಲವು ವರ್ಷಗಳ ಹಿಂದೆ, ಸೆಕೆಂಡುಗಳಲ್ಲಿದ್ದ ಒಂದು ಸಮಯಮಿತಿಯನ್ನು ಮಿಲಿಸೆಕೆಂಡಿಗೆ ಬದಲಾಯಿಸುವಾಗ, ಆ ಹೆಸರು ಬರುವ ಎಲ್ಲ ಕಡೆಗಳನ್ನೂ ಪಠ್ಯ ಹುಡುಕಾಟದಿಂದಲೇ ತಿದ್ದಲು ಹೊರಟೆ. ಪರದೆಯ ಮೇಲೆ ನೂರಾರು ಸಾಲು ಸರಿದು ಹೋಗುವ ಭರದಲ್ಲಿ, ಆ ವೇರಿಯಬಲ್‌ಗೆ ಬೆಲೆ ತುಂಬುವ ಒಂದೇ ಒಂದು ಸಾಲು ಕಣ್ತಪ್ಪಿತು. ಅದನ್ನು ಮತ್ತೆ ಹಿಡಿಯಲು ಎರಡು ದಿನ ಬೇಕಾಯಿತು. ನಾನು ಕೇಳಬೇಕಿದ್ದ ಪ್ರಶ್ನೆ ‘ಈ ಪದ ಎಲ್ಲೆಲ್ಲಿದೆ’ ಎಂಬುದಲ್ಲ. ‘ಈ ಹೆಸರಿಗೆ ಬೆಲೆ ಕೊಡುವ ಸಾಲುಗಳು ಯಾವುವು’ ಎಂಬುದು.

ಅಂಥ ಪ್ರಶ್ನೆಗೆ ನೇರ ಉತ್ತರ ಕೊಡುವ ಸಾಧನ ಸಿಸ್ಕೋಪ್. ಬೆಲ್ ಲ್ಯಾಬ್ಸ್‌ನಲ್ಲಿ ಜೋ ಸ್ಟೆಫನ್ ಅವರು ಸಿ ಭಾಷೆಯ ಕೋಡ್‌ಗಾಗಿ ಬರೆದ ಇದು 2000ನೇ ಇಸವಿಯಲ್ಲಿ ಮುಕ್ತ ತಂತ್ರಾಂಶವಾಗಿ ಎಲ್ಲರಿಗೂ ದೊರೆಯಿತು. ಒಮ್ಮೆ ಇಡೀ ಕೋಡನ್ನು ಓದಿ ಸೂಚಿಯೊಂದನ್ನು ಕಡತದಲ್ಲಿ ಬರೆದಿಟ್ಟುಕೊಂಡು, ಬಳಿಕ ಟರ್ಮಿನಲ್ ಪರದೆಯಲ್ಲಿ ಪ್ರಶ್ನೆಗಳ ಪಟ್ಟಿಯನ್ನು ಮುಂದಿಡುತ್ತದೆ: ಈ ಹೆಸರು ಎಲ್ಲೆಲ್ಲಿದೆ, ಇದರ ವ್ಯಾಖ್ಯೆ ಎಲ್ಲಿದೆ, ಈ ಫಂಕ್ಷನ್ ಬೇರೆ ಯಾವ ಫಂಕ್ಷನ್ ಅನ್ನು ಕರೆಯುತ್ತದೆ (ಅಂದರೆ ಬಳಸುತ್ತದೆ), ಇದನ್ನು ಯಾರು ಕರೆಯುತ್ತಾರೆ, ಈ ಹೆಡರ್ ಕಡತವನ್ನು (ಹಲವು ಕಡತಗಳು ಹಂಚಿಕೊಳ್ಳುವ ಘೋಷಣೆಗಳಿರುವ ಕಡತ) ಯಾವ ಕಡತಗಳು ಸೇರಿಸಿಕೊಂಡಿವೆ. ಪ್ರಶ್ನೆಯ ಮುಂದೆ ಹೆಸರು ಟೈಪ್ ಮಾಡಿದರೆ ಉತ್ತರಗಳು ಸಾಲಾಗಿ ಬರುತ್ತವೆ. ಒಂದನ್ನು ಆರಿಸಿದರೆ ಎಡಿಟರ್ ನೇರವಾಗಿ ಆ ಸಾಲಿನಲ್ಲೇ ತೆರೆದುಕೊಳ್ಳುತ್ತದೆ. ಎಡಿಟರ್ ಮುಚ್ಚಿದರೆ ಮತ್ತೆ ಅದೇ ಉತ್ತರಗಳ ಪಟ್ಟಿ. ಒಂದು ಉತ್ತರ ಓದಿದಾಗ ಮುಂದಿನ ಪ್ರಶ್ನೆ ಹುಟ್ಟುತ್ತದೆ, ಅದನ್ನು ಅಲ್ಲೇ ಕೇಳಬಹುದು. ಅಪರಿಚಿತ ಕೋಡ್ ಅರ್ಥವಾಗುವುದು ಹೀಗೆ ಒಂದರ ಹಿಂದೆ ಒಂದು ಪ್ರಶ್ನೆ ಕೇಳುತ್ತ ಹೋದಾಗಲೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಮುಕ್ತ ತಂತ್ರಾಂಶಗಳನ್ನು ರೂಪಿಸುವ ಗ್ನೂ ಯೋಜನೆಯ ಐಡಿ-ಯುಟಿಲ್ಸ್ ಸಾಧನಗಳ ದಾರಿ ಸ್ವಲ್ಪ ಬೇರೆ. ಅವು ಕೋಡ್‌ನಲ್ಲಿರುವ ಪ್ರತಿಯೊಂದು ಐಡೆಂಟಿಫೈಯರ್ ಮತ್ತು ಸಂಖ್ಯೆ ಯಾವ ಯಾವ ಕಡತದಲ್ಲಿದೆ ಎಂಬ ದತ್ತಸಂಚಯವನ್ನು ಕಟ್ಟಿಕೊಳ್ಳುತ್ತವೆ. ಅಲ್ಲಿ ಸಂಖ್ಯೆಯನ್ನು ಅದರ ಬೆಲೆಯಿಂದಲೇ ಹುಡುಕಬಹುದು: 255 ಎಂದು ಕೇಳಿದರೆ, ಹೆಕ್ಸಾಡೆಸಿಮಲ್‌ನಲ್ಲೋ (ಹದಿನಾರರ ಪದ್ಧತಿ) ಆಕ್ಟಲ್‌ನಲ್ಲೋ (ಎಂಟರ ಪದ್ಧತಿ) ಬರೆದ ಅದೇ 255 ಕೂಡ ಸಿಗುತ್ತದೆ. ಹಾರ್ಡ್‌ವೇರ್‌ಗೆ ಹತ್ತಿರದ ಕೋಡ್ ಓದುವವರಿಗೆ ಇದು ಎಷ್ಟು ದೊಡ್ಡ ಉಪಕಾರವೆಂದು ಬಳಸಿದವರು ಬಲ್ಲರು. ಇದರ ಹಳೆಯ ಆವೃತ್ತಿಗಳೊಡನೆ ಬಂದ ಐಐಡಿ ಎಂಬ ಸಂವಾದರೂಪದ ಸಾಧನದಲ್ಲಿ ‘ಈ ಹೆಸರೂ ಆ ಹೆಸರೂ ಇರುವ, ಆದರೆ ಮೂರನೆಯದು ಇಲ್ಲದ ಕಡತಗಳು’ ಎಂದು ಪ್ರಶ್ನೆಗಳನ್ನು ಜೋಡಿಸಿ ಕೇಳಬಹುದಿತ್ತು.

ಇವುಗಳಿಗೆ ಮಿತಿಗಳಿವೆ, ಅದನ್ನು ಮುಚ್ಚಿಡಬಾರದು. ಸಿಸ್ಕೋಪ್, ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್‌ನಷ್ಟು ಕಟ್ಟುನಿಟ್ಟಾಗಿ ಕೋಡ್ ಓದುವುದಿಲ್ಲ. ಫಂಕ್ಷನ್ ಪಾಯಿಂಟರ್ (ಫಂಕ್ಷನ್ ಒಂದರ ವಿಳಾಸ ಹಿಡಿದಿಡುವ ವೇರಿಯಬಲ್) ಮೂಲಕ ಆದ ಕರೆ ಅದರ ‘ಯಾರು ಕರೆಯುತ್ತಾರೆ’ ಪಟ್ಟಿಯಲ್ಲಿ ಬರುವುದಿಲ್ಲ. ಸಿ ಬಿಟ್ಟು ಬೇರೆ ಭಾಷೆಗಳಲ್ಲಿ ಉತ್ತರ ತಪ್ಪುವ ಸಂಭವ ಹೆಚ್ಚು. 2016ರಲ್ಲಿ ಬಂದ ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್ (ಎಡಿಟರ್ ಮತ್ತು ಕೋಡ್ ವಿಶ್ಲೇಷಿಸುವ ತಂತ್ರಾಂಶ ಪರಸ್ಪರ ಮಾತನಾಡುವ ನಿಯಮಾವಳಿ) ಆಧರಿಸಿದ ಇಂದಿನ ಎಡಿಟರ್‌ಗಳು ಈ ಕೆಲಸಗಳಲ್ಲಿ ಹಲವನ್ನು ಇನ್ನೂ ನಿಖರವಾಗಿ ಮಾಡುತ್ತವೆ ಎಂಬ ವಾದವನ್ನೂ ಒಪ್ಪುತ್ತೇನೆ. ಆದರೆ ಅವುಗಳಲ್ಲಿ ಹೆಚ್ಚಿನವು ಸರಿಯಾಗಿ ಕೆಲಸ ಮಾಡಬೇಕಾದರೆ ಪ್ರಾಜೆಕ್ಟ್‌ ಅನ್ನು ಬಿಲ್ಡ್ ಮಾಡುವ, ಅಂದರೆ ಕೋಡಿನಿಂದ ಓಡುವ ತಂತ್ರಾಂಶ ತಯಾರಿಸುವ, ವಿಧಾನ ಮೊದಲು ತಿಳಿದಿರಬೇಕು. ಬಿಲ್ಡ್ ಆಗದ ಹಳೆಯ ಕೋಡ್ ಕೈಗೆ ಬಂದಾಗ, ದೂರದ ಸರ್ವರ್‌ಗೆ ಟರ್ಮಿನಲ್ ಮೂಲಕವಷ್ಟೇ ಪ್ರವೇಶವಿದ್ದಾಗ, ಈ ಹಳೆಯ ಸಾಧನಗಳು ಕೆಲವೇ ನಿಮಿಷಗಳಲ್ಲಿ ಕೆಲಸಕ್ಕೆ ಸಿದ್ಧವಾಗುತ್ತವೆ.

ಶಿಕ್ಷಕರಲ್ಲಿ ನಾನು ಕೇಳಿಕೊಳ್ಳುವುದು ಒಂದೇ ಒಂದು ಪ್ರಯೋಗಾಲಯದ ಅವಧಿ. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಸೋರ್ಸ್ ಕೋಡ್ ಎಲ್ಲರಿಗೂ ಮುಕ್ತವಾಗಿ ಸಿಗುತ್ತದೆ, ಸಿಸ್ಕೋಪ್ ಸೂಚಿ ಕಟ್ಟುವ ‘ಮೇಕ್ ಸಿಸ್ಕೋಪ್’ ಎಂಬ ಕಮಾಂಡ್ ಕೂಡ ಅದರಲ್ಲೇ ಇದೆ. ವಿದ್ಯಾರ್ಥಿಗಳು ಆ ಸೂಚಿಯನ್ನು ಕಟ್ಟಲಿ, ತಮಗೆ ಏನೂ ಗೊತ್ತಿಲ್ಲದ ಒಂದು ಫಂಕ್ಷನ್ ಆರಿಸಿಕೊಳ್ಳಲಿ, ಅದನ್ನು ಯಾರು ಕರೆಯುತ್ತಾರೆ ಎಂದು ಕೇಳಲಿ, ಸಿಕ್ಕ ಹೆಸರನ್ನು ಹಿಡಿದು ಮತ್ತೆ ಅದೇ ಪ್ರಶ್ನೆ ಕೇಳುತ್ತ ಮೂರು ಹಂತ ಹಿಂದಕ್ಕೆ ಹೋಗಿ, ಕಂಡದ್ದನ್ನು ತಮ್ಮ ಮಾತಿನಲ್ಲಿ ಒಂದು ಪುಟ ಬರೆಯಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್