ಮಾರಿದ್ದು ನಾನಾ ಎಂದು ಕೇಳಿದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂದು ಎಂಟು ದಿನ ಆಯ್ತು. ಅದರಲ್ಲಿನ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. "ತೋಟ ಮಾರ್ತೀಯ ಅಂತ ಜೋಯಿಸರು ಯಾವತ್ತೋ ಹೇಳಿದ್ದರು. ಹಾಗಾದರೆ ಮಾರಿದ್ದು ನಾನಾ?" ಎಂದು ಕೇಳಿದ್ದೀಯ.

ಜೋಯಿಸರ ಮಾತು ಬಿಡು, ಅದು ತಪ್ಪಲೂಬಹುದಿತ್ತು. ದೇವರಿಗೆ ಎಲ್ಲ ಮೊದಲೇ ಗೊತ್ತು ಅನ್ನುತ್ತೇವಲ್ಲ, ಅಲ್ಲಿ ಇರುವುದು ನಿಜವಾದ ತೊಡಕು.

ಇಲ್ಲಿ ಕಾರವಾರದಲ್ಲಿ ಸಮುದ್ರದ ಉಬ್ಬರ ಇಳಿತದ ವೇಳೆ ವರ್ಷ ಮೊದಲೇ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಪಟ್ಟಿಯಲ್ಲಿ ಬರೆದಿದೆ ಅಂತ ನೀರು ಏರುವುದಿಲ್ಲ, ಚಂದ್ರ ಸೂರ್ಯರ ಸೆಳೆತಕ್ಕೆ ಏರುತ್ತದೆ. ಆದರೆ ನೀರಿಗೆ ಮನಸ್ಸಿಲ್ಲ. ನಿನಗಿದೆ.

ಸುಮಾರು 1500 ವರ್ಷದ ಹಿಂದೆ ಇಟಲಿಯಲ್ಲಿ ಬೊಯೀಥಿಯಸ್ ಎಂಬಾತ ಸೆರೆಮನೆಯಲ್ಲಿ ಸಾವಿನ ದಾರಿ ಕಾಯುತ್ತ ಇದನ್ನೇ ಯೋಚಿಸಿದ. ದೇವರಿಗೆ ನಿನ್ನೆ ನಾಳೆ ಇಲ್ಲ, ಎಲ್ಲ ಒಟ್ಟಿಗೇ ಕಾಣುತ್ತದೆ ಅಂದ. ನಡೆಯುವವನನ್ನು ನೋಡಿದ ಮಾತ್ರಕ್ಕೆ ಅವನನ್ನು ನಡೆಸಿದ ಹಾಗಾಗುತ್ತದಾ? ಒಪ್ಪುವ ಮಾತೇ. ಆದರೂ ಅದು ಮೇಲಿನಿಂದ ಕಂಡದ್ದು. ನೀನು ಕೇಳಿದ್ದು ತೋಟದ ಕಾಲುದಾರಿಯಲ್ಲಿ ನಿಂತು.

ನನಗೆ ನೆನಪಾಗುವುದು ನಿಮ್ಮ ಶಿರಸಿ ಕಡೆಯ ತಾಳಮದ್ದಳೆ, ವೇಷ ಕುಣಿತ ಇಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ. ಹೊರಗೆ ಜಡಿಮಳೆ, ಒಳಗೆ ಕೃಷ್ಣಸಂಧಾನ. ಸಂಧಿ ಮುರಿಯುತ್ತದೆ ಅಂತ ಜಗಲಿಯ ಮೇಲೆ ಕೂತ ಮಕ್ಕಳಿಗೂ ಗೊತ್ತು. ಆದರೂ ಯಾರೂ ಎದ್ದು ಹೋಗುವುದಿಲ್ಲ. ಪದ್ಯ ಅದೇ, ಕೊನೆ ಅದೇ, ಪದ್ಯ ಹಿಡಿದು ಅಲ್ಲೇ ಕಟ್ಟಿ ಆಡುವ ಅರ್ಥ ಮಾತ್ರ ಆ ರಾತ್ರಿಯದು. ಭಾಗವತರು ಪದ್ಯ ನಿಲ್ಲಿಸಿದ ಮೇಲೆ ಅರ್ಥಧಾರಿ ಶಾಲು ಸರಿಮಾಡಿಕೊಂಡು ಒಂದು ಗಳಿಗೆ ಸುಮ್ಮನಿರುತ್ತಾನೆ ನೋಡು, ಆಗ ನಾನು ಉಸಿರು ಹಿಡಿದು ಕೂರುತ್ತೇನೆ. ಮುಂದಿನ ಮಾತು ಅವನದು.

ಕೃಷ್ಣನಿಗೂ ದುರ್ಯೋಧನ ಎಂಥವನು ಅಂತ ಗೊತ್ತಿತ್ತು. ಯಾಕೆ ಬಂದೆ ಅಂತ ವಿದುರ ಕೇಳಿದರೆ, ಕೈಲಾಗುತ್ತಿದ್ದರೂ ತಡೆಯಲಿಲ್ಲ ಅಂತ ನಾಳೆ ಯಾರೂ ಅನ್ನಬಾರದು ಅನ್ನುತ್ತಾನೆ. ಗೀತೆಯಲ್ಲೂ ಹಾಗೇ. 11ನೇ ಅಧ್ಯಾಯದಲ್ಲಿ ಇವರನ್ನೆಲ್ಲ ನಾನು ಆಗಲೇ ಕೊಂದಾಗಿದೆ ಅಂದವನು, 18ರಲ್ಲಿ ಪೂರ್ತಿ ಯೋಚಿಸಿ ನಿನಗೆ ಬೇಕಾದ ಹಾಗೆ ಮಾಡು ಅನ್ನುತ್ತಾನೆ. ಈ ಎರಡು ಮಾತನ್ನೂ ಒಬ್ಬನ ಬಾಯಲ್ಲೇ ಇಟ್ಟಿದ್ದಾರಲ್ಲ, ಅದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ನೀನು ಮೂರು ತಿಂಗಳು ನಿದ್ದೆಗೆಟ್ಟೆ. ಸಾಲದ ಲೆಕ್ಕ ಮತ್ತೆ ಮತ್ತೆ ಹಾಕಿದೆ. ಸಹಿ ಹಾಕುವ ಮೊದಲು, ಅಪ್ಪನ ಕಾಲದಿಂದ ಅಡಿಕೆ ಕೊನೆ ಕೊಯ್ಯುತ್ತಿದ್ದವನಿಗೆ ಮನೆ ಕಟ್ಟಿಕೊಳ್ಳಲು ಅಂತ ಕೆರೆದಂಡೆಯ ಎರಡು ಗುಂಟೆ ಬಿಟ್ಟುಕೊಟ್ಟೆ. ಯಾರೂ ಕೇಳಿರಲಿಲ್ಲ. ಇದು ಯಾರಿಗಾದರೂ ಮೊದಲೇ ಗೊತ್ತಿತ್ತು ಅಂದರೆ, ನೀನು ಹಾಗೆ ಮಾಡುವವನು ಅಂತ ಗೊತ್ತಿತ್ತು, ಅಷ್ಟೇ ಮಾರಾಯ.

ಮಳೆ ಸ್ವಲ್ಪ ಬಿಡುವು ಕೊಟ್ಟ ಕೂಡಲೇ ಘಟ್ಟ ಇಳಿದು ಬಾ. ಕಾಳಿ ಸಮುದ್ರ ಸೇರುವಲ್ಲಿ ಕೂತು ಉಳಿದದ್ದು ಮಾತಾಡೋಣ.

ನಿನ್ನವ